ಬಾಗಾ ವೆಲಿಸಿದ ಕೆಂಪು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ಕಥೆಗಾರನಿಗೆ ಗೊತ್ತಾಗುತ್ತಿಲ್ಲ. ಮೊದಲ ಡ್ರಾಫ್ಟಿನಲ್ಲಿ ವಿಶಾಖಪಟ್ಟಣದ ಸಮುದ್ರವಿತ್ತು, ಅಲೆಯಿತ್ತು, ಅಲೆಯ ಬಣ್ಣಕ್ಕೇ ಅರ್ಧ ಪುಟ ಹೋಗಿತ್ತು. ಕಥೆಯ ನಾಯಕ ಗುರುದತ್ತ ಅದನ್ನು ಓದಿ, "ನಾ ಬೀಚಿಗೆ ಹೋಗಿ ವರ್ಷಾತ್ರಿ ಸರ. ನನ್ನ ಕೆಲಸ ದುವ್ವಾಡದಾಗ, ತಗಡಿನ ಶೆಡ್ಡಿನಾಗ. ಅಲ್ಲಿಂದ ಶುರು ಮಾಡ್ರಿ," ಅಂದ. ನಾಯಕನೇ ಹೀಗಂದ ಮೇಲೆ ಸಮುದ್ರವನ್ನು ಹರಿದು ಬುಟ್ಟಿಗೆ ಹಾಕಬೇಕಾಯಿತು.

1 (ಮತ್ತೊಮ್ಮೆ)

2005ರ ಬೇಸಗೆ. ಧಾರವಾಡದ ಗುರುದತ್ತ ವಿಶಾಖಪಟ್ಟಣದ ಹೊರವಲಯದ ದುವ್ವಾಡದಲ್ಲಿ, ಒಂದು ಸಣ್ಣ ಇಂಕು ಕಂಪನಿಯಲ್ಲಿ ಕೆಮಿಸ್ಟು. ಉಜ್ಜಿದರೆ ಹೋಗದ, ಬಿಸಿಲಿಗೆ ಮಾಸದ ಅಚ್ಚಿನ ಶಾಯಿ ಮಾಡುವುದು ಅವನ ಕೆಲಸ. (ಬರೆದ ಕಥೆಗಳೆಲ್ಲ ಅಚ್ಚಾದ ತಿಂಗಳಲ್ಲೇ ಓದುಗರ ತಲೆಯಿಂದ ಅಳಿಸಿಹೋದ ಕಥೆಗಾರನಿಗೆ ಈ ವಿಷಯ ಯಾಕೆ ಹಿಡಿಸಿತೆಂದು ವಿವರಿಸಬೇಕಿಲ್ಲ.)

ಅಲ್ಲೇ ಹತ್ತಿರದ ಪರವಾಡದ ಒಂದು ಔಷಧಿ ಕಂಪನಿಯವರು ಮಕ್ಕಳ ಜ್ವರದ ಸಿರಪ್ ಜೊತೆ ಪುಟ್ಟ ಪ್ಲಾಸ್ಟಿಕ್ ಲೋಟ ಕೊಡುತ್ತಿದ್ದರು. ಅದರ ಮೇಲೆ ಅಳತೆಯ ಗೆರೆ ಬೇಕಿತ್ತು, ಅದೂ ಕೆಂಪು ಗೆರೆಯೇ ಬೇಕಂತೆ. ಕಪ್ಪಾದರೆ ಗುರುದತ್ತ ನಿದ್ದೆಗಣ್ಣಲ್ಲೂ ಮಾಡಿಕೊಡುತ್ತಿದ್ದ, ಕಪ್ಪು ಬಿಸಿಲಿಗೆ ಜಗ್ಗುವುದಿಲ್ಲ. ಕೆಂಪನ್ನು ನಂಬುವ ಹಾಗಿಲ್ಲ. ಸಾಲದ್ದಕ್ಕೆ ಆ ಜಾತಿಯ ಪ್ಲಾಸ್ಟಿಕ್ಕಿಗೆ ಶಾಯಿ ಕಚ್ಚುವುದೇ ಕಷ್ಟ. ಲೋಟವನ್ನು ಒಂದು ಕ್ಷಣ ಉರಿಗೆ ತೋರಿಸಿ ಹದ ಮಾಡಬೇಕು, ಶಾಯಿಗೆ ಹಿಡಿತ ಕೊಡುವ ರಾಳ ಸೇರಿಸಬೇಕು, ಒಣಗಿದ ಮೇಲೆ ಟೇಪ್ ಅಂಟಿಸಿ ಚರ್ರನೆ ಕಿತ್ತು ನೋಡಬೇಕು. ಗುರುದತ್ತನ ಕೆಂಪು ಟೇಪಿಗೆ ಏಳಲಿಲ್ಲ. ಸ್ಪಿರಿಟ್ ಬಟ್ಟೆಯಲ್ಲಿ ಕೈ ಸೋಲುವಷ್ಟು ಉಜ್ಜಿದರೂ ಹೋಗಲಿಲ್ಲ. ಇನ್ನು ಬಿಸಿಲೊಂದು ಬಾಕಿ.

ಬಿಸಿಲಿಗೆ ವಿಜಯವಾಡಕ್ಕಿಂತ ಬೇರೆ ಊರು ಬೇಕೆ? ಲೋಟಕ್ಕೆ ಅಚ್ಚು ಹಾಕುವುದೂ ಅಲ್ಲೇ, ಆಟೋನಗರದ ಒಂದು ಸ್ಕ್ರೀನ್ ಪ್ರಿಂಟಿಂಗ್ ಯೂನಿಟ್ಟಿನಲ್ಲಿ. ಅಲ್ಲಿಯ ಸೂಪರ್‌ವೈಸರ್ ಕನಕಲಕ್ಷ್ಮಿ ಮಾದರಿ ಲೋಟಗಳನ್ನು ಮೇ ತಿಂಗಳಿಡೀ ಟೆರೇಸಿನ ಮೇಲೆ ಇಟ್ಟು, ಆಮೇಲೆ ಗುರುದತ್ತನಿಗೆ ಫೋನು ಮಾಡಿದಳು.

2

ಓದುಗರೇ, ಇಲ್ಲಿ ಸ್ವಲ್ಪ ನಿಧಾನ. ಕಥೆ ಇರುವುದೇ ಈ ಫೋನಿನಲ್ಲಿ.

"ರಂಗು ಬಾಗಾ ವೆಲಿಸಿಂದಂಡಿ," ಅಂದಳು.

ಗುರುದತ್ತನಿಗೆ ತೆಲುಗು ಬರುತ್ತದೆ. ಹಾಗಂತ ಅವನೇ ಹೇಳಿಕೊಳ್ಳುತ್ತಾನೆ. ಬಾಗಾ ಅಂದರೆ ಚೆನ್ನಾಗಿ, ಅದು ದಿನಾ ಕಿವಿಗೆ ಬೀಳುವ ಮಾತು. ಇನ್ನೊಂದು ಮಾತನ್ನು ಸಿಂಹಾಚಲದಲ್ಲಿ ಕೇಳಿದ್ದ. ಸ್ವಾಮಿ ಇಲ್ಲೇ 'ವೆಲಿಸಾಡು', ಅಂದರೆ ದೇವರು ಇಲ್ಲೇ ಮೂಡಿಬಂದ, ಎಂದು ಅರ್ಚಕರು ಹೇಳಿದ್ದರು. ಎರಡನ್ನೂ ಕೂಡಿಸಿದ. ಬಣ್ಣ ಚೆನ್ನಾಗಿ ಮೂಡಿಬಂದಿದೆ ಎಂದಾಯಿತು.

"ಚಾಲಾ ಸಂತೋಷಂ ಅಮ್ಮಾ," ಅಂದ.

"ಸಂತೋಷಮಾ ಅಂಡಿ?" ಅಂತ ಕೇಳಿದಳು.

"ಚಾಲಾ, ಚಾಲಾ," ತುಂಬ ತುಂಬ ಅಂದ ಗುರುದತ್ತ, ಅವತ್ತೇ ಒಪ್ಪಿಗೆಯ ಫ್ಯಾಕ್ಸ್ ಕಳಿಸಿದ.

(ಕಥೆಗಾರ ಇಲ್ಲಿ ಭಾಷೆ, ಅರ್ಥ, ಅರ್ಥದ ಅಸ್ಥಿರತೆ ಅಂತೆಲ್ಲ ಮೂರನೆಯ ಭಾಗವನ್ನೇ ಬರೆದಿದ್ದ. ಸೆಮಿನಾರಿನಲ್ಲಿ ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತು. "ಇದನ್ನ ಯಾಂವ ಓದತಾನ್ರಿ?" ಅಂದ ಗುರುದತ್ತ. ತೆಗೆದದ್ದಾಯಿತು.)

4

ಲೋಟಗಳು ಅಚ್ಚಾದವು, ಸಿರಪ್ಪಿನ ಡಬ್ಬಿ ಸೇರಿದವು, ಅಂಗಡಿಗಳಿಗೆ ಹೋದವು. ದಸರಾ ಹತ್ತಿರ ಬಂದಾಗ ಒಂದು ಭಾನುವಾರ, ಗುರುದತ್ತನ ಮಗಳು ಅಪೂರ್ವಾ ಒಂದು ಚೂಡಿದಾರ್ ಹಿಡಿದುಕೊಂಡು ಅಮ್ಮ ಶುಭಾಳ ಮುಂದೆ ನಿಂತಳು. ವಿಶಾಖಪಟ್ಟಣದಲ್ಲೇ ಬೆಳೆದ ಹುಡುಗಿ. ಅವಳ ಮಾತಿನಲ್ಲಿ ಧಾರವಾಡ ಅರ್ಧ, ತೆಲುಗು ಅರ್ಧ.

"ಅಮ್ಮಾ, ಇದು ಪೂರ್ತಿ ವೆಲಿಸೇದ. ನಾ ಇದನ್ನ ಹಾಕ್ಕೊಂಡು ಕಾಲೇಜಿಗೆ ಹೋಗಂಗಿಲ್ಲ."

"ವೆಲಿಸಿದ್ರ ಛಲೋ ಆತಲ್ಲ?" ಅಂದ ಗುರುದತ್ತ, ಪೇಪರಿನಿಂದ ತಲೆ ಎತ್ತದೆ.

ತಾಯಿ ಮಗಳು ಇಬ್ಬರೂ ನಕ್ಕರು. "ಪಪ್ಪಾ, ದೇವರು ವೆಲಿಸೋದು ಬ್ಯಾರೆ, ಬಣ್ಣ ವೆಲಿಸೋದು ಬ್ಯಾರೆ. ಬಣ್ಣ ವೆಲಿಸೇದ ಅಂದ್ರ ಹೋಗೇದ ಅಂತ."

"ಬಾಗಾ ವೆಲಿಸಿಂದಿ ಅಂದ್ರ?"

"ಭಾಳ ಹೋಗೇದ ಅಂತ."

ಗುರುದತ್ತ ನಗಲಿಲ್ಲ. ಯಾರದೋ ಅಡುಗೆಮನೆಯ ಕಿಟಕಿಯ ಬಿಸಿಲಿನಲ್ಲಿ ಗೆರೆ ಅಳಿಸಿಹೋದ ಲೋಟ. ಜ್ವರದಲ್ಲಿ ಮಲಗಿದ ಮಗು. ಅಂದಾಜಿನ ಮೇಲೆ ಔಷಧಿ ಸುರಿಯುತ್ತಿರುವ ತಾಯಿ. ಅವನು ಪೇಪರನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದ.

5

ಈಗ ಮುಕ್ತಾಯ. ಕಥೆಗಾರನ ಹತ್ತಿರ ದಾಸ್ತಾನು ಸಾಕಷ್ಟಿದೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಒಂದು ಮಗುವಿಗೆ ಔಷಧಿ ಹೆಚ್ಚಾಗುತ್ತದೆ. ಆಸ್ಪತ್ರೆ, ಕಾರಿಡಾರು, ಗುರುದತ್ತನ ಕಣ್ಣೀರು. ಪ್ರಶಸ್ತಿ ಸಮಿತಿಯವರಿಗೆ ಇಂಥದ್ದು ಹಿಡಿಸುತ್ತದೆ.

ಗುರುದತ್ತ ಪೆನ್ನು ಕಸಿದುಕೊಂಡ. "ಕೂಸಿನ್ನ ಮುಟ್ಟಬ್ಯಾಡ್ರಿ. ನನ್ನ ನೌಕರಿ ತಗೀರಿ, ಮಾನ ತಗೀರಿ. ಕೂಸು ಬ್ಯಾಡ." ಕಥೆಗಾರನಿಗೆ ನಿಜಕ್ಕೂ ನಾಚಿಕೆಯಾಯಿತು.

ಆ) ಕನಕಲಕ್ಷ್ಮಿಗೆ ಆಗಲೇ ಅನುಮಾನ ಬಂದು, ಗುಟ್ಟಾಗಿ ಬೇರೆ ಶಾಯಿಯಲ್ಲಿ ಅಚ್ಚು ಹಾಕಿಸಿರುತ್ತಾಳೆ. ಓದದ ಹೆಣ್ಣುಮಗಳು ಓದಿದವನನ್ನು ಕಾಪಾಡಿದಳೆಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ.

ಹೌದೇನೋ ಕೇಳಿಬಿಡೋಣವೆಂದು ಗುರುದತ್ತ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದ. ಕನಕಲಕ್ಷ್ಮಿ ಕೈಗಂಟಿದ ಶಾಯಿ ಒರೆಸಿಕೊಳ್ಳುತ್ತ ತೆಲುಗಿನಲ್ಲಿ ಹೇಳಿದ್ದರ ಕನ್ನಡ ಇಷ್ಟು (ಕಥೆಗಾರನ ತೆಲುಗೂ ಅಷ್ಟಕ್ಕಷ್ಟೇ, ಹಾಗಾಗಿ ಅನುವಾದವನ್ನು ಅಪೂರ್ವಾಳಿಗೆ ತೋರಿಸಿದ್ದಾನೆ):

"ನಾನು ಬಿ.ಎಸ್ಸಿ. ಓದಿದೀನಿ ಸಾರ್, ಮೊದಲು ಅದನ್ನ ತಿದ್ದೋಕೆ ಹೇಳಿ. ಬಣ್ಣ ಹೋಯ್ತು ಅಂದೆ, ನೀವು ಸಂತೋಷ ಅಂದ್ರಿ. ಗೇಲಿ ಮಾಡ್ತಿದೀರಿ ಅಂದ್ಕೊಂಡೆ. ಇನ್ನೊಂದು ಸಲ ಹೇಳಬೇಕಿತ್ತು, ಕೋಪ ಬಂದಿತ್ತು, ಹೇಳಲಿಲ್ಲ. ಫ್ಯಾಕ್ಸ್ ಬಂತು, ಅಚ್ಚು ಹಾಕಿದೆ. ನನ್ನನ್ನ ದೇವತೆ ಮಾಡಬೇಡಿ."

ಆಮೇಲೆ ಅವಳೇ ಕುರ್ಚಿ ಎಳೆದು, ಕೂತ್ಕೊಳಿ, ನೀರು ಕುಡೀರಿ ಅಂದಳು.

ಇ) ಗುರುದತ್ತ ಪರವಾಡದ ಔಷಧಿ ಕಂಪನಿಗೆ ಹೋಗಿ ತನ್ನ ತಪ್ಪನ್ನು ಇದ್ದಂತೆ ಹೇಳಿದ. ಬೈಸಿಕೊಂಡ. ಕಂಪನಿಯವರು ಲೋಟಗಳನ್ನು ಅಂಗಡಿಗಳಿಂದ ವಾಪಸ್ ತರಿಸಿದರು. ಅವನು ಬೇರೆ ಜಾತಿಯ ಕೆಂಪು ಪುಡಿ ಹಾಕಿ ಮಾಡಿದ ಹೊಸ ಶಾಯಿ ಬಿಸಿಲಿಗೂ ನಿಂತಿತು. ನೌಕರಿಯೂ ಉಳಿಯಿತು. ಇದಕ್ಕಿಂತ ಒಳ್ಳೆಯ ಮುಕ್ತಾಯ ತನ್ನ ಕೈಯಲ್ಲಿ ಆಗದೆಂದು ಕಥೆಗಾರ ಕಾಫಿಗೆ ಎದ್ದ.

ತಿರುಗಿ ಬಂದು ನೋಡಿದರೆ ಗುರುದತ್ತ ಪುಟದಲ್ಲಿಲ್ಲ. ಹುಡುಕಿಕೊಂಡು ಹೋದರೆ ವಿಶಾಖಪಟ್ಟಣದ ದ್ವಾರಕಾ ನಗರದ ಒಂದು ಮೆಡಿಕಲ್ ಶಾಪಿನ ಮುಂದೆ ಸಿಕ್ಕ. ಹೆಗಲ ಚೀಲದ ತುಂಬ ಹೊಸ ಲೋಟಗಳು.

"ಎಲ್ಲ ವಾಪಸ್ ಬಂದವಲ್ಲ ಮಾರಾಯ," ಅಂದ ಕಥೆಗಾರ.

"ಅಂಗಡ್ಯಾಗ ಇದ್ದವು ಬಂದವ್ರಿ. ಮನಿ ಸೇರಿದ್ವು?"

ಯಾವ ಮನೆ, ಯಾವ ಮಗು ಎಂದು ಕಥೆಗಾರ ಬರೆದೇ ಇರಲಿಲ್ಲ. ಹಾಗಾಗಿ ಎಷ್ಟು ತಡಕಾಡಿದರೂ ಉತ್ತರ ಸಿಗಲಿಲ್ಲ. "ಓದುಗರು ಎದ್ದು ಹೋಗ್ತಿದ್ದಾರೆ ಗುರುದತ್ತ, ಕಥೆ ಮುಗಿಸಬೇಕು."

"ಹೋಗೋರು ಹೋಗ್ಲಿ ಬಿಡ್ರಿ. ಮನಿಯಾಗ ಅಂಥಾ ಲೋಟ ಇದ್ರ ಔಷಧ ಹಾಕಬ್ಯಾಡ್ರಿ ಅಂತ ಅವರಿಗೆ ಅಷ್ಟ ಹೇಳಿಬಿಡ್ರಿ."

ಹೇಳಿದ್ದೇನೆ ಓದುಗರೇ, ಹೇಳುವ ಕೆಲಸ ಮುಗಿಯಿತು. ಅವನದು ಮುಗಿದಿಲ್ಲ. ಮೆಟ್ಟಿಲು ಹತ್ತಿ, ಸಿರಪ್ ಕೊಂಡುಹೋದವರ ನೆನಪಿದೆಯಾ ಎಂದು ತನ್ನ ಧಾರವಾಡದ ತೆಲುಗಿನಲ್ಲಿ ಕೇಳಿದ. ಕೌಂಟರಿನ ಹಿಂದಿದ್ದ ಅನ್ನಪೂರ್ಣಮ್ಮ ದೊಡ್ಡ ಉತ್ತರವನ್ನೇ ಕೊಟ್ಟರು. ಗುರುದತ್ತ ತಲೆಯಾಡಿಸಲು ಹೋಗಿ ನಿಲ್ಲಿಸಿದ.

"ಅರ್ಥಂ ಕಾಲೇದಮ್ಮಾ," ಅಂದ. ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ ಎಂದು ಕೇಳಿದ. ಅವರು ಮೊದಲಿನಿಂದ ಹೇಳತೊಡಗಿದರು