ಸಾಲು ಬಿಟ್ಟು ಹಾರಿದ ಚುಕ್ಕಿ

ಮುಳಬಾಗಿಲಿನ ತಿರುಮಲಮ್ಮನವರ ಮನೆಗೆ ಸೊಸೆಯಾಗಿ ಬಂದ ಅನಸೂಯಳಿಗೆ ಆ ೧೯೮೫ರ ಶ್ರಾವಣದಲ್ಲಿ ಇದ್ದದ್ದು ಒಂದೇ ಚಿಂತೆ, ಬೆಂಗಳೂರಿನಲ್ಲಿ ಅರ್ಧಕ್ಕೆ ನಿಂತ ಅವಳ ಪಿಎಚ್.ಡಿ. “ಹಬ್ಬಗಳು ಮುಗಿಯೋವರೆಗೂ ಬೆಂಗಳೂರಿನ ಮಾತು ಎತ್ತಬೇಡಮ್ಮ” ಎಂದು ಮಾವ ಲಕ್ಷ್ಮೀನಾರಾಯಣಯ್ಯನವರು ಹೇಳಿಬಿಟ್ಟಿದ್ದರು. ಅವಳ ಗಂಡ ಇನ್ನಷ್ಟು ಸಾರು ಬಡಿಸಿಕೊಂಡಿದ್ದ.

ಬರುವಾಗ ತಂದಿದ್ದ ಒಂದು ಗ್ರಾಫ್ ನಕ್ಷೆಗೆ ನಾಲ್ಕು ಸಾಲು ವಿವರಣೆ ಬರೆದು ಗೈಡ್‌ಗೆ ಅಂಚೆಯಲ್ಲಿ ಕಳಿಸುವುದಷ್ಟೇ ಅವಳಿಗೆ ಉಳಿದ ದಾರಿ. ದೂರದ ಗೆಲಾಕ್ಸಿಯೊಂದರ ನಡುವಿನಿಂದ ಬರುವ ಎಕ್ಸ್‌-ರೇ ಬೆಳಕು ಗಂಟೆಗಂಟೆಗೂ ಏರಿ ಇಳಿಯುವುದನ್ನು ಉಪಗ್ರಹ ಅಳೆದಿತ್ತು. ಒಂದೊಂದು ಅಳತೆಗೆ ಒಂದೊಂದರಂತೆ, ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಇಂಕಿನ ಅರವತ್ತು ಚುಕ್ಕಿ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅವಳ ಮೇಜಿನ ಮುಂದೆ, ಅವಳದೇ ಪೆನ್ನು ಹಿಡಿದು ಕುಳಿತಿದ್ದರು.

“ಚುಕ್ಕಿ ಇಟ್ಟು ಹಾಗೇ ಬಿಟ್ಟಿದ್ದೀಯಲ್ಲ ಅಂತ ನಾನೇ ಎಳೆ ಎಳೆದೆ ಕಣೇ.”

ಇಡೀ ಬೀದಿಗೆ ರಂಗೋಲಿ ಕಲಿಸಿದ ಕೈ. ಅರವತ್ತು ಚುಕ್ಕಿಗಳ ಸುತ್ತ ಎಳೆ ಬಳುಕಿ, ತುದಿಯಲ್ಲಿ ಎರಡು ನವಿಲುಗಳೂ ಎದ್ದಿದ್ದವು. ನೋಡಲು ಚೆನ್ನಾಗಿತ್ತು, ಅನಸೂಯಳಿಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ.

“ಏನು ಸೊಟ್ಟಪಟ್ಟ ಇಟ್ಟಿದ್ಯೇ! ಒಂದಂತೂ ಸಾಲು ಬಿಟ್ಟು ಮೇಲಕ್ಕೆ ಹಾರಿತ್ತು. ಬ್ಲೇಡಲ್ಲಿ ಕೆರೆದು ಕೆಳಗೆ ತಂದೆ.”

ಅನಸೂಯ ಹಾಳೆಯನ್ನು ಬೆಳಕಿಗೆ ಹಿಡಿದು ಕೆರೆದ ಜಾಗ ನೋಡಿದಳು. “ಅತ್ತೆ, ಆ ಒಂದು ಚುಕ್ಕಿಗೋಸ್ಕರ ಮೂರು ವರ್ಷ ಕಾದಿದ್ದೆ. ಒಂದೇ ಗಂಟೆಯಲ್ಲಿ ಆ ಗೆಲಾಕ್ಸಿಯ ಬೆಳಕು ಎರಡರಷ್ಟಾಗಿತ್ತು.”

“ನೀನು ಕೈತಪ್ಪಿ ಇಟ್ಟಿದ್ದಲ್ವಾ?”

“ಅಲ್ಲ. ಆಕಾಶದಿಂದಲೇ ಹಾಗೆ ಬಂದಿದ್ದು.”

ತಿರುಮಲಮ್ಮ ಒಮ್ಮೆ ತೊಲೆಯತ್ತ ನೋಡಿದರು. “ಇನ್ನೊಂದು ಹಾಳೇಲಿ ಇಟ್ಕೊಂಡ್ರೆ?”

“ಅಂಕಿಗಳೆಲ್ಲ ಬೆಂಗಳೂರಲ್ಲೇ ಇವೆ.”

ಕೂಗಾಡಬೇಕೆನ್ನಿಸಿತು ಅನಸೂಯಳಿಗೆ. ಆದರೆ ಇಂಕು ಮೆತ್ತಿದ ಬೆರಳುಗಳನ್ನು ಅತ್ತೆ ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಅನಸೂಯ ಪೆನ್ನಿಗೆ ಮುಚ್ಚಳ ಹಾಕಿದಳು.

ತಿರುಮಲಮ್ಮ ಎದ್ದು ನೇರ ಜಗುಲಿಗೆ ನಡೆದರು.

“ಏಮಂಡಿ,” ಎಂದರು. ಗಂಡನನ್ನು ಅವರು ತೆಲುಗಿನಲ್ಲಿ ಕರೆದರೆಂದರೆ ವಿಷಯ ಸಣ್ಣದಲ್ಲ. “ಅನಸೂಯ ಬೆಂಗಳೂರಿಗೆ ಹೋಗ್ಬೇಕು. ಅವಳ ಮೂರು ವರ್ಷದ ಕೆಲಸ ಕೆಡಿಸಿಟ್ಟಿದ್ದೀನಿ. ತಪ್ಪು ನನ್ನದು.”

ಲಕ್ಷ್ಮೀನಾರಾಯಣಯ್ಯ ಪಂಚಾಂಗ ಮಡಿಸಿ ಕನ್ನಡಕ ತೆಗೆದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ತಪ್ಪು ಒಲೆಯದಾಗಿತ್ತು, ಹಾಲಿನವಳದಾಗಿತ್ತು, ಹೆಚ್ಚಿನ ದಿನ ಅವರದೇ ಆಗಿತ್ತು. ಹೆಂಡತಿಯದು ಒಂದು ದಿನವೂ ಆಗಿರಲಿಲ್ಲ.

“ಬೆಳಿಗ್ಗೆ ಏಳಕ್ಕೆ ಬೆಂಗಳೂರಿಗೆ ನೇರ ಬಸ್ಸಿದೆ,” ಎಂದರು, ಬಾಗಿಲಲ್ಲಿ ನಿಂತ ಸೊಸೆಯ ಕಡೆ ನೋಡದೆ. “ಕೋಲಾರದಲ್ಲಿ ಇಳಿದು ಹತ್ತೋ ತಾಪತ್ರಯ ಇಲ್ಲ.”