ಟವೆಲ್ ಕೆಳಗಿನ ಬೆರಳು

"ಕೈ ತೆಗಿಯೇ! ಹೆಂಗಸರು ಗಂಡಸಿನ ಟವೆಲ್ ಒಳಗೆ ಕೈ ಹಾಕೋಕೆ ಬೇರೆ ಮಾರ್ಕೆಟ್ ಇದೆ, ಅಲ್ಲಿಗೆ ಹೋಗು."

ದಲ್ಲಾಳಿ ಹೀಗೆಂದದ್ದಕ್ಕೆ ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಮೂರು ದಿನ ಹಸಿಮೆಣಸಿನಕಾಯಿ ಬಿಡಿಸಿದ ಕೈ, ಅಂಗೈ ತುಂಬ ಉರಿ.

ಈ ಮಂಡಿಯಲ್ಲಿ ಯಾರೂ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ದಲ್ಲಾಳಿ ತನ್ನ ಕೈ ಮೇಲೆ ಟವೆಲ್ ಹೊದಿಸುತ್ತಾನೆ, ಮಾಲು ತಂದವನು ಅದರೊಳಗೆ ಕೈ ಹಾಕಬೇಕು. ದಲ್ಲಾಳಿ ಎಷ್ಟು ಬೆರಳು ಹಿಡಿಯುತ್ತಾನೋ ಕಿಲೋಗೆ ಅಷ್ಟು ಹತ್ತು ರೂಪಾಯಿ. ಪರಗಂಡಸಿಗೆ ಬೆರಳು ಕೊಡುವುದು ಹೆಂಗಸಿಗೆ ಶೋಭೆಯಲ್ಲವಂತೆ. ಅಗೆಯುವುದು, ಔಷಧಿ ಹೊಡೆಯುವುದು, ಮೂಟೆ ಹೊರುವುದು ಮಾತ್ರ ಬಹಳ ಶೋಭೆ! ನನ್ನ ಗಂಡ ಸೊಂಟ ಮುರಿದುಕೊಂಡು ಮಂಚ ಹಿಡಿದು ಎರಡು ವರ್ಷವಾಯಿತು. ಅಂದಿನಿಂದ ಬೆಳೆ ನನ್ನದು, ಬೆರಳು ಮೈದುನನದು.

ಬಂದ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು. ಹೊಲಕ್ಕೆ ಒಂದು ದಿನವೂ ಕಾಲಿಟ್ಟವನಲ್ಲ.

"ಯಾಕತ್ತಿಗೆ ಮಾನ ಕಳೀತೀಯ? ನಾನಿಲ್ವಾ?"

ಅವನ ಕೈ ಟವೆಲ್ ಒಳಗೆ ಹೋಗುವಾಗ ಹೊಸ ವಾಚು ಕಂಡಿತು.

"ಎರಡು ಬೆರಳು ಅತ್ತಿಗೆ. ರೇಟು ಬಿದ್ದೋಗಿದೆ. ಹೂಂ ಅನ್ನು."

"ಹೋದ ಸಲಾನೂ ಎರಡೇ ಅಂದೆ."

"ರೇಟು ನಾನು ಕಟ್ತೀನಾ? ಬೇಡ ಅಂದ್ರೆ ಹೊತ್ಕೊಂಡು ಹೋಗು. ಸಂಜೆಗೆ ಬಾಡಿ ತಿಪ್ಪೆ ಸೇರುತ್ತೆ."

ಎಂಟು ಮೂಟೆ. ಎರಡು ಬೆರಳಿಗೆ ಕೊಟ್ಟರೆ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ, ಮುಂದಿನ ಬೆಳೆಗೆ ಬೀಜವೂ ಇಲ್ಲ.

"ಹೂಂ ಅನ್ನೇ, ಹೊತ್ತಾಯ್ತು," ಎಂದು ದಲ್ಲಾಳಿ ಗದರಿದ.

ಅದೇನು ಮೈಮೇಲೆ ಬಂತೋ, ಟವೆಲ್ ತುದಿ ಹಿಡಿದು ಎಳೆದೇಬಿಟ್ಟೆ.

ದಲ್ಲಾಳಿಯ ಮುಷ್ಟಿಯಲ್ಲಿ ಮೈದುನನ ನಾಲ್ಕು ಬೆರಳು! ಕಟ್ಟೆಯವರೆಲ್ಲ ನೋಡಿದರು.

"ಥೂ, ಕಳ್ಳ ನನ್ಮಗನೇ! ನಿಮ್ಮಣ್ಣ ಮಂಚದಲ್ಲೇ ಹೇತ್ಕೊಂಡು ಬಿದ್ದಿದಾನೆ, ನೀನು ಅವನ ಅನ್ನಕ್ಕೇ ಬಾಯಿ ಹಾಕ್ತೀಯಾ? ಉಳಿದೆರಡು ಬೆರಳು ನಿಮ್ಮಿಬ್ಬರಿಗೂ ಒಂದೊಂದಾ?"

ಮೈದುನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ದಲ್ಲಾಳಿ ಮಾತ್ರ ಬೆಚ್ಚಲಿಲ್ಲ.

"ಇವಳ ಮಾಲು ಮುಟ್ಟಿದವನಿಗೆ ನಾಳೆಯಿಂದ ಈ ಕಟ್ಟೆ ಇಲ್ಲ," ಎಂದವನೇ ಇನ್ನೊಂದು ಟವೆಲ್ ಕೊಡವಿಕೊಂಡು ಪಕ್ಕದ ಈರುಳ್ಳಿ ರಾಶಿಗೆ ಹೋದ.

ನಾನು ಮೂಟೆಯ ಮೇಲೆ ಹತ್ತಿ ನಿಂತೆ. ನಾಲ್ಕು ಬೆರಳು ಎತ್ತಿ ಹಿಡಿದೆ.

"ನಾಲ್ಕು! ಬಾಯಿಬಿಟ್ಟು ಹೇಳ್ರೋ, ಯಾರು ತಗೋತೀರಾ?"

ಯಾರೂ ತಲೆ ಎತ್ತಲಿಲ್ಲ. ಬಿಸಿಲು ಮೂಟೆಯ ತನಕ ಬಂತು. ತೋಳು ಸೋತಿತು, ಹಾಳಾದ್ದು ಅಳುವೂ ಬಂತು.

ಈರುಳ್ಳಿ ಬೆಳೆದವಳು ತನ್ನ ಭಾವನ ಬೆನ್ನ ಹಿಂದೆ ನಿಂತಿದ್ದಳು. ಭಾವನ ಕೈ ಟವೆಲ್ ಒಳಗಿತ್ತು.

"ಎರಡೇ ಬೆರಳಂತೆ ಕಣಮ್ಮ," ಎಂದ ಭಾವ.

ಅವಳು ನನ್ನ ಕೈ ನೋಡಿದಳು. ಬಾಡುತ್ತಿದ್ದ ನನ್ನ ಮೂಟೆಗಳನ್ನು ನೋಡಿದಳು.

"ಹೂಂ," ಎಂದಳು.

ನಾನು ಕೈ ಇಳಿಸಲಿಲ್ಲ.