ಹೆಸರಿನ ಕೆಳಗೆ ಮೂರು ಪದ

ಕ್ಯಾಲಿಫೋರ್ನಿಯಾದ ಆ ಕೌಂಟಿಯಲ್ಲಿ ಸ್ಕೂಲ್ ಬಸ್ಸು ಕೆಟ್ಟು ನಿಂತರೆ ಎಲ್ಲರೂ ಕರೆಯುತ್ತಿದ್ದದ್ದು ಇಡಲಿನಾ ಬೆಟೆನ್‌ಕೋರ್ಟಳನ್ನು. ಪೋರ್ಚುಗಲ್ಲಿನ ದ್ವೀಪಗಳಿಂದ ಬಂದು ಹೈನುಗಾರಿಕೆಗೆ ಇಳಿದವರ ಮೊಮ್ಮಗಳು. ಹದಿನೆಂಟಕ್ಕೇ ಸೇನೆ ಸೇರಿ, ಎಂಟು ವರ್ಷ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿ, ಸಾರ್ಜೆಂಟ್ ಆಗಿ ಮರಳಿದ್ದಳು. ನಲವತ್ತಾರರಲ್ಲಿ ಕೌಂಟಿಯ ಆಡಳಿತ ಮಂಡಳಿಗೆ ನಿಂತಳು. ಎದುರಾಳಿ ವಾರನ್ ಸ್ಟೋಲ್ಮನ್ ಹನ್ನೆರಡು ವರ್ಷದಿಂದ ಆ ಕುರ್ಚಿ ಬಿಟ್ಟವನಲ್ಲ.

ಮತಪತ್ರದಲ್ಲಿ ಹೆಸರಿನ ಕೆಳಗೆ ಅಭ್ಯರ್ಥಿ ಯಾರೆಂಬುದು ಮೂರೇ ಪದಗಳಲ್ಲಿ ಅಚ್ಚಾಗುತ್ತದೆ. ಎಷ್ಟೋ ಜನ ಅದನ್ನಷ್ಟೇ ಓದಿ ಗುರುತು ಹಾಕುತ್ತಾರೆ. ಪ್ರಚಾರ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನ ಮಗ ನೆಲ್ಸನ್ ‘ಯುದ್ಧ ಗೆದ್ದ ವೀರೆ’ ಎಂದು ಬರೆದುಕೊಂಡು ಬಂದ.

“ನಾನೆಲ್ಲೋ ಯುದ್ಧ ಗೆದ್ದೆ? ಕುವೈತ್‌ನಲ್ಲಿ ನಾನು ಕಂಡಿದ್ದು ಬರೀ ಗೇರ್‌ಬಾಕ್ಸು.”

“ಜನಕ್ಕೆ ಹೇಗೆ ಗೊತ್ತಾಗತ್ತಕ್ಕಾ?”

“ನನಗೆ ಗೊತ್ತಲ್ಲ!”

ಅದನ್ನು ಹೊಡೆದುಹಾಕಿ ‘ನಿವೃತ್ತ ಸೇನಾ ಸಾರ್ಜೆಂಟ್’ ಎಂದು ತಾನೇ ಬರೆದು ಕೊಟ್ಟಳು.

ಮೂರನೇ ದಿನ ಚುನಾವಣಾ ಕಚೇರಿಯಿಂದ ಫೋನು ಬಂತು. “ಮೇಡಂ, ಸ್ಟೋಲ್ಮನ್ ಕಡೆಯವರು ತಕರಾರು ಎತ್ತಿದಾರೆ. ಇಪ್ಪತ್ತು ವರ್ಷ ಮುಗಿಸಿ ಪಿಂಚಣಿ ತಗೊಳ್ಳೋರಿಗೆ ನಿವೃತ್ತರು ಅಂತಾರೆ. ನಿಮ್ಮದು ಎಷ್ಟು ವರ್ಷ?”

“ಎಂಟು.”

“ಹಾಗಾದ್ರೆ ನಾಳೆ ಸಂಜೆ ಐದರೊಳಗೆ ಬದಲಾಯಿಸಿ.”

ನೆಲ್ಸನ್ ಕೋರ್ಟಿಗೆ ಹೋಗೋಣವೆಂದು ಕುಣಿದಾಡಿದ. ಇಡಲಿನಾಳ ಮುಖ ಬಿಸಿಯೇರಿತ್ತು. ಇಲ್ಲದ್ದನ್ನು ಬರೆಯಬೇಡವೆಂದು ಅವನಿಗೆ ಬುದ್ಧಿ ಹೇಳಿದ ಬಾಯಿ ತನ್ನದೇ! ಸೇನೆ ಬಿಟ್ಟಾಗ ಕೊಟ್ಟಿದ್ದ ಬಿಡುಗಡೆ ಪತ್ರ ಹುಡುಕಿ ತೆಗೆದಳು. ನಿವೃತ್ತಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಕಚೇರಿಗೆ ಹೋಗಿ ‘ಮಾಜಿ ಸೈನಿಕೆ, ಮೆಕ್ಯಾನಿಕ್’ ಎಂದು ತಿದ್ದಿಸಿದಳು.

ಮುಂದಿನ ಭಾನುವಾರ ಪೋರ್ಚುಗೀಸ್ ಸಭಾಭವನದಲ್ಲಿ ಎಲ್ಲರಿಗೂ ಬಿಸಿ ಮಾಂಸದ ಸೂಪು, ಬ್ರೆಡ್ಡು. ಆಮೇಲೆ ಅಭ್ಯರ್ಥಿಗಳ ಮಾತು. ಸ್ಟೋಲ್ಮನ್ ಮೈಕು ಹಿಡಿದು ನಕ್ಕ.

“ಎಂಟೇ ವರ್ಷಕ್ಕೆ ನಿವೃತ್ತರಾದ ಸಾರ್ಜೆಂಟಮ್ಮ ಬಂದಿದಾರೆ. ಎದ್ದು ಸಲ್ಯೂಟ್ ಹೊಡೀರಪ್ಪ!”

ಅರ್ಧ ಸಭೆ ನಕ್ಕಿತು. ಇಡಲಿನಾ ನಿಧಾನವಾಗಿ ಎದ್ದಳು.

“ಆ ಪದ ತಪ್ಪು. ಬರೆದವಳು ನಾನೇ. ಗೊತ್ತಾದ ಮಾರನೇ ದಿನವೇ ತಿದ್ದಿದೀನಿ. ಎಂಟು ವರ್ಷ ಸೇನೆ ಲಾರಿ ರಿಪೇರಿ ಮಾಡ್ದೆ, ಇಪ್ಪತ್ತು ವರ್ಷದಿಂದ ನಿಮ್ಮ ಮಕ್ಕಳ ಬಸ್ಸು. ಕೆಟ್ಟಿದ್ದನ್ನ ಕೆಟ್ಟಿದೆ ಅಂತ ಮೊದಲು ಒಪ್ಕೋಬೇಕು, ಆಮೇಲೇ ಸ್ಪ್ಯಾನರ್ ಹಿಡಿಯೋದು. ಕಾಲುವೆ ಸೇತುವೆ ರಿಪೇರಿ ಇಲ್ಲದೆ ಮುಚ್ಚಿ ಆರು ವರ್ಷ ಆಯ್ತು, ವಾರನ್. ಅದು ಕೆಟ್ಟಿದೆ ಅಂತ ನೀವು ಯಾವಾಗ ಒಪ್ಕೊಳ್ತೀರಿ?”

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಚಮಚದಿಂದ ಬಟ್ಟಲು ಬಾರಿಸಿದ. ಪಕ್ಕದವಳೂ ಬಾರಿಸಿದಳು. ಆಮೇಲೆ ಇಡೀ ಭವನವೇ ಠಣಠಣ. ಸ್ಟೋಲ್ಮನ್ ಏನೋ ಹೇಳುತ್ತಲೇ ಇದ್ದ, ಯಾರಿಗೂ ಕೇಳಿಸಲಿಲ್ಲ.

ಚುನಾವಣೆಯಾದ ಮೇಲೆ ಅಂಚೆಯ ಮತಗಳನ್ನೆಲ್ಲ ಎಣಿಸಿ ಮುಗಿಸಲು ಒಂಬತ್ತು ದಿನ ಹಿಡಿಯಿತು. ನೆಲ್ಸನ್ ಏದುಸಿರು ಬಿಡುತ್ತ ಶೆಡ್ಡಿಗೆ ಓಡಿ ಬಂದಾಗ ಬಸ್ಸಿನಡಿಯಿಂದ ಅವಳ ಎರಡು ಬೂಟುಗಳಷ್ಟೇ ಕಾಣುತ್ತಿದ್ದವು.

“ಅಕ್ಕಾ, ನೀನು ಗೆದ್ದೆ! ಇನ್ನೂರ ಹನ್ನೊಂದು ಮತದಿಂದ!”

ಅಡಿಯಿಂದ ದೊಡ್ಡದೊಂದು ನಗು ಕೇಳಿಸಿತು. “ಓಡು, ನಿಮ್ಮಮ್ಮಂಗೆ ಹೇಳು. ಇನ್ನೆರಡು ನಟ್ಟು ಬಿಗಿದು ಬಂದೆ.”